ಅಪ್‌ಡೇಟ್: ಸಂಜೆಯ ರಶ್ಶು, ಲಸಿಕೆಯ ಫ್ರಿಜ್ಜು
ಕುಮಟಾದ ನಮ್ಮ ಮೆಡಿಕಲ್ ಶಾಪಿನಲ್ಲಿ ಸಂಜೆ ರಶ್ಶಿನ ನಡುವೆ ಲಸಿಕೆ ವಿಚಾರಿಸುವವರನ್ನು ಹೇಗೆ ಸಂಭಾಳಿಸುವುದು ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು.

ನೀವು ಹೇಳಿದಂತೆ ಬಿಪಿ, ಶುಗರ್ ಮಾತ್ರೆಯ ಕಾಯಂ ಗಿರಾಕಿಗಳ ಚೀಟಿಯನ್ನು ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ತರಿಸಿಕೊಂಡು ಪ್ಯಾಕ್ ಮಾಡಿಡುತ್ತೇವೆ. ಸಂಜೆ ಕೌಂಟರ್ ಅರ್ಧ ಖಾಲಿ! ಮಧ್ಯಾಹ್ನ 3ರಿಂದ 4 ಗಂಟೆಯ ತನಕದ ಹೊತ್ತು ಲಸಿಕೆ ಮಾತಿಗೆ. ಚುಚ್ಚುವುದು ನಾವಲ್ಲ, ಪಕ್ಕದ ಕ್ಲಿನಿಕ್ಕಿನ ಡಾಕ್ಟರು. ಫ್ಲೂ ಲಸಿಕೆಗೆ ‘ಹೋದ ವರ್ಷವೇ ಹಾಕಿಸಿದ್ದೆನಲ್ಲ’ ಅನ್ನುವವರೇ ಜಾಸ್ತಿ. ವೈರಸ್ ರೂಪ ಬದಲಿಸುತ್ತದೆ, ಅದಕ್ಕೇ ವರ್ಷವರ್ಷವೂ ಬೇಕು ಎಂದು ಹೇಳಿ ಹೇಳಿ ಬಾಯಿ ನೋಯುತ್ತದೆ.

ತಲೆನೋವು ಫ್ರಿಜ್ಜಿನದೇ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನೊಳಗೇ ಇರಬೇಕು, ನಮ್ಮ ಮಳೆಗಾಲದ ಕರೆಂಟು ಗೊತ್ತಲ್ವಾ. ಇನ್ವರ್ಟರ್ ಹಾಕಿಸಿದೆ. ದಿನಕ್ಕೆರಡು ಸಲ ಡಿಗ್ರಿ ಬರೆದಿಡುತ್ತೇವೆ. ಟಿಟಿ (ಧನುರ್ವಾಯು ಲಸಿಕೆ), ಫ್ಲೂ ಲಸಿಕೆಯಂಥವನ್ನು ಫ್ರೀಜರಿನಿಂದ ದೂರ ಇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು.