ಜನವರಿಯಲ್ಲಿ ಅಪ್ಪ-ಅಮ್ಮನ ಜೊತೆ ಕೇರ್ನ್ಸ್: ಹೋಗಿಬಂದವರು ಅನುಭವ ಹೇಳಿ

ಮೆಲ್ಬರ್ನ್ ಮೈಸೂರವಳು:
ಅಪ್ಪ (71), ಅಮ್ಮ (66) ಮೈಸೂರಿಂದ ಬರ್ತಿದ್ದಾರೆ. ಮಕ್ಕಳಿಗೆ ರಜೆ ಇರೋದು ಜನವರಿಯಲ್ಲಿ. ಆಸ್ಟ್ರೇಲಿಯಾದ ಈಶಾನ್ಯ ದಡದಲ್ಲಿರೋ ಕೇರ್ನ್ಸ್‌ಗೆ ಐದು ದಿನ ಹೋಗೋಣ ಅಂತಿದ್ದೀವಿ: ರೀಫ್ (ಸಮುದ್ರದೊಳಗಿನ ಹವಳದ ದಿಬ್ಬ), ಕುರಾಂಡ ಊರಿಗೆ ಬೆಟ್ಟ ಹತ್ತೋ ರೈಲು, ಡೇನ್‌ಟ್ರೀ ಕಾಡು. ಅಪ್ಪಂಗೆ ಮಂಡಿನೋವು. ಅಲ್ಲಿ ಆಗ ಮಳೆಗಾಲವಂತೆ, ಆ ತಿಂಗಳು ಸರಿನಾ?

ಸಿಡ್ನಿ ಹಾಸನ:
ಬೇಡ. 2023ರ ಡಿಸೆಂಬರಲ್ಲಿ ನಾವು ಅಲ್ಲೇ ಸಿಕ್ಕಿಹಾಕ್ಕೊಂಡಿದ್ವಿ. 13ನೇ ತಾರೀಖು ಜ್ಯಾಸ್ಪರ್ ಚಂಡಮಾರುತ ಉತ್ತರಕ್ಕೆ ವುಜಲ್ ವುಜಲ್ ಹತ್ತಿರ ದಡಕ್ಕೆ ಬಡೀತು. ಗಾಳಿ ಇಳೀತು, ಬದುಕಿದ್ವಿ ಅಂದ್ಕೊಂಡ್ವಿ. ಮಳೆ ಮಾತ್ರ ಅಲ್ಲೇ ಕೂತ್ಬಿಡ್ತು. 18ಕ್ಕೆ ಏರ್‌ಪೋರ್ಟೇ ಬಂದ್, ಸಣ್ಣ ವಿಮಾನಗಳು ನೀರಲ್ಲಿ ಮುಳುಗಿದ್ವು. ಹೆಚ್ಚುವರಿ ನಾಲ್ಕು ರಾತ್ರಿಗೆ ಎರಡು ರೂಮು 1,480 ಡಾಲರ್. ಹೊಸ ಟಿಕೆಟ್ 2,260. ಪೋರ್ಟ್ ಡಗ್ಲಸ್‌ನಲ್ಲಿ ಹಿಡಿದಿದ್ದ ಮನೆಗೆ 1,150 ಕಟ್ಟಿದ್ದೆ, ವಾಪಸ್ ಬಂದಿದ್ದು 300. ಇನ್ಶೂರೆನ್ಸ್ ಮಾಡಿಸಿದ್ದು ಹೊರಡೋಕೆ ಎರಡು ದಿನ ಮುಂಚೆ. ಅಷ್ಟರಲ್ಲಿ ಚಂಡಮಾರುತಕ್ಕೆ ಹೆಸರಿಟ್ಟಾಗಿತ್ತು, "ಗೊತ್ತಿದ್ದೂ ಹೊರಟಿದ್ದೀರಿ" ಅಂತ ಒಂದು ಸೆಂಟೂ ಕೊಡಲಿಲ್ಲ. ಅಮ್ಮನ ಬಿಪಿ ಮಾತ್ರೆ ಮುಗೀತಾ ಬಂದು ಮೂರು ದಿನ ಅರ್ಧರ್ಧ ಮುರಿದು ಕೊಟ್ಟಿದ್ದೀನಿ.

ಬ್ರಿಸ್ಬೇನ್ ಕುಂದಾಪ್ರ:
ಒಂದು ವರ್ಷದ ಚಂಡಮಾರುತ ಹಿಡ್ಕೊಂಡು ಇಡೀ ಮಳೆಗಾಲವೇ ಬೇಡ ಅಂದ್ರೆ ಹೇಗೆ ಮಾರಾಯ್ರೆ? ನಾವು ಅತ್ತೆ-ಮಾವನ್ನ ಕರ್ಕೊಂಡು ಹೋದದ್ದೇ ಜನವರಿಯಲ್ಲಿ. ಬ್ಯಾರನ್ ಜಲಪಾತ ನೋಡಬೇಕಾದ್ದೇ ಆಗ. ಮೇಲಿನ ನೀರನ್ನು ಕರೆಂಟಿಗೆ ತಿರುಗಿಸ್ತಾರೆ, ಆಗಸ್ಟಲ್ಲಿ ಹೋದ್ರೆ ಬಂಡೆ ಮೇಲೆ ನಾಲ್ಕು ಗೆರೆ ಅಷ್ಟೆ. ಕುರಾಂಡ ರೈಲು 1891ರದ್ದು, 15 ಸುರಂಗ ದಾಟಿ ಅಲ್ಲಿ ನಿಲ್ತದೆ. ಇಳಿದದ್ದೇ ಮುಖಕ್ಕೆ ಹನಿ. ಮಾವ ಕನ್ನಡಕ ಒರೆಸ್ತಾ "ಲಿಂಗನಮಕ್ಕಿ ಕಟ್ಟುವ ಮೊದಲು ಜೋಗ ಹೀಗೇ ಇತ್ತು" ಅಂದ್ರು. ಗಾಳಿ ಇಲ್ಲದ ದಿನ ಸಮುದ್ರವೂ ಎಣ್ಣೆ ಸುರಿದ ಹಾಗೆ.

ಅಡಿಲೇಡ್ ಧಾರವಾಡ:
ಮಳಿ ಬ್ಯಾಡ ಅಂತ ಜುಲೈದಾಗ ಹೋದವರು ನಾವು. ಆಕಾಶ ಖರೇನ ಚೊಕ್ಕ ಇತ್ತು. ಆದ್ರ ಆವಾಗ ಆಗ್ನೇಯ ಗಾಳಿ ಬಿಡದ ಬೀಸತೈತಿ. ಹೊರಗಿನ ರೀಫಿಗೆ ಒಂದೂವರಿ ತಾಸು ಬೋಟು. ಐದು ಮಂದಿಗೆ 1,390 ಡಾಲರ್ ಕೊಟ್ಟೂ ನಮ್ಮವ್ವ ಹವಳ ನೋಡಲಿಲ್ಲ. ಹೋಗೂವಾಗ, ಬರೂವಾಗ ಕಾಗದದ ಚೀಲದಾಗ ಮುಖಾ ಇಟ್ಟು ಕುಂತಿದ್ಲು. ಗ್ರೀನ್ ಐಲ್ಯಾಂಡ್ ಮುಕ್ಕಾಲು ತಾಸು ಅಷ್ಟ, ಅಲ್ಲಿಗೆ ಹೋಗಬೇಕಿತ್ತು ಅಂತ ಇವತ್ತಿಗೂ ಅನಸ್ತೈತಿ.

ಸಿಡ್ನಿ ಹಾಸನ:
ಕುಂದಾಪ್ರದವರೇ, ನವೆಂಬರಿಂದ ಮೇ ತನಕ ವಿಷದ ಜೆಲ್ಲಿ ಮೀನು ಇರೋ ವಿಷಯ ಯಾಕೆ ಮುಚ್ಚಿಟ್ರಿ?

ಬ್ರಿಸ್ಬೇನ್ ಕುಂದಾಪ್ರ:
ಮುಚ್ಚಿಡುವಂಥದ್ದು ಏನುಂಟು? ಮೈ ಪೂರ್ತಿ ಮುಚ್ಚುವ ಈಜುಡುಪು ಬೋಟಿನವರ ಹತ್ರವೇ ಸಿಗ್ತದೆ. ಊರೊಳಗೆ ಎಸ್ಪ್ಲನೇಡ್ ಲಗೂನ್ ಅಂತ ಈಜುಕೊಳ ಉಂಟು, ಪುಕ್ಕಟೆ. ಕುಟುಕಿದ್ರೂ ಬಿಸಿನೀರು ಹಾಕಿದ್ರೆ ಆಯ್ತು.

ಟೌನ್ಸ್‌ವಿಲ್ ನರ್ಸ್, ಶಿವಮೊಗ್ಗ:
ದಯವಿಟ್ಟು ಹೀಗೆಲ್ಲ ಬರೀಬೇಡಿ! ಬಿಸಿನೀರು ಸಿಡ್ನಿ ಕಡೆಯ ಬ್ಲೂಬಾಟಲ್‌ಗೆ. ಉತ್ತರದಲ್ಲಿರೋದು ಬಾಕ್ಸ್ ಜೆಲ್ಲಿ, ಇರುಕಾಂಜಿ. ಅದು ಕುಟುಕಿದ್ರೆ ತುರ್ತು ನಂಬರ್ 000ಗೆ ಫೋನ್ ಮಾಡಿ, ಕಮ್ಮಿ ಅಂದ್ರೂ 30 ಸೆಕೆಂಡ್ ವಿನೆಗರ್ ಸುರೀಬೇಕು. ಬೀಚಲ್ಲೇ ಬಾಟಲಿ ಇಟ್ಟಿರ್ತಾರೆ. ಇರುಕಾಂಜಿ ಉಗುರಿನಷ್ಟು, ಈಜೋರಿಗೆ ಅಂತ ಬೀಚಲ್ಲಿ ಕಟ್ಟಿರೋ ಬಲೆಯೊಳಗೂ ತೂರುತ್ತೆ. ಕುಟುಕಿ ಅರ್ಧ ಗಂಟೆ ಆದ್ಮೇಲೆ ಬೆನ್ನು ಹಿಂಡುತ್ತೆ, ಬಿಪಿ ಏರುತ್ತೆ. ಇನ್ನೊಂದು, ಹೊಳೆ ಕಂಡ ತಕ್ಷಣ ಕಾಲು ತೊಳೆಯೋಕೆ ಇಳಿಯೋದು ನಮ್ಮ ಹಿರಿಯರ ಅಭ್ಯಾಸ. ಡೇನ್‌ಟ್ರೀ ಫೆರಿ ಹತ್ರ ನಮ್ಮಪ್ಪ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಟ್ಟಾಗಿತ್ತು. ಅಲ್ಲಿರೋದು ಉಪ್ಪುನೀರಿನ ಮೊಸಳೆ. ನಾನು ಕೈ ಹಿಡಿದು ಎಳೆದ ರಭಸಕ್ಕೆ ಅವರ ವಾಚಿನ ಪಟ್ಟಿ ಕಿತ್ತು ಬಂತು. ನೀರಿನ ಅಂಚಿಂದ ಐದು ಮೀಟರ್ ಆಚೆಗೇ ನಿಲ್ಲಿಸಿ.

ಬ್ರಿಸ್ಬೇನ್ ಕುಂದಾಪ್ರ:
ಬಿಸಿನೀರು ತಪ್ಪು, ಒಪ್ಪಿದೆ. ಜನವರಿ ತಪ್ಪಲ್ಲ.

ಸಿಡ್ನಿ ಹಾಸನ:
ನಿಮ್ಮ ಮಾವ ಅರ್ಧ ಮಾತ್ರೆಯಲ್ಲಿ ದಿನ ದೂಡಿರ್ಲಿಲ್ಲ, ಅದಕ್ಕೇ ಹೀಗಂತೀರಿ.

ಮೆಲ್ಬರ್ನ್ ಮೈಸೂರವಳು:
ಜಗಳ ಬೇಡಿ. ಅಪ್ಪನ ಮಂಡಿ ವಿಷಯ ಯಾರೂ ಹೇಳ್ಲಿಲ್ಲ.

ಅಡಿಲೇಡ್ ಧಾರವಾಡ:
ಕುರಾಂಡದಿಂದ ಬರೂವಾಗ ಸ್ಕೈರೈಲ್ (ತಂತಿ ಮ್ಯಾಲಿನ ತೊಟ್ಟಿಲು, ರೋಪ್‌ವೇ) ಹತ್ರಿ ಅಕ್ಕಾರ. 7.5 ಕಿಲೋಮೀಟರ್ ಕಾಡಿನ ಮ್ಯಾಲೆ ಕುಂತ ಬರಬಹುದು. ನಿಲ್ದಾಣದಾಗ ತೊಟ್ಟಿಲ ಸಾವಕಾಶ ಆಗತೈತಿ, ನಮ್ಮಪ್ಪನ್ನ ಕೈ ಹಿಡದು ಹತ್ತಿಸಿದ್ರು. ರೀಫಿಗೆ ಹೋಗೂದಿದ್ರ ಶುಂಠಿ ಮಾತ್ರಿ ಬೋಟ್ ಹತ್ತೂಕಿಂತ ಮೊದಲ ಕೊಡ್ರಿ. ನಾವು ಹತ್ತಿದ ಮ್ಯಾಲೆ ಕೊಟ್ಟಿದ್ವಿ.