ಉಳಿದ ಕೇಕ್ ಚೂರಿನ ಉಂಡಿ: ಚಾಕೊಲೇಟ್ ಕವಚ ಸೀಳ್ತದ, ಮ್ಯಾಲೆ ಹನಿ ಬರ್ತಾವ. ಏನ್ ಮಾಡ್ಲಿ?

ರಾಯಚೂರ್ ಕೇಕ್‌ಮನಿ

ನಮಸ್ಕಾರ್ರೀ. ರಾಯಚೂರಿನಾಗ ಮನಿಯಿಂದಾನೇ ಹುಟ್ಟುಹಬ್ಬದ ಕೇಕ್ ಮಾಡಿ ಕೊಡ್ತೀನಿ. ಪ್ರತಿ ಕೇಕಿಂದೂ ಮ್ಯಾಲಿನ ಉಬ್ಬು ಕೊಯ್ದು ಸಮ ಮಾಡಬೇಕಲ್ರೀ, ಆ ತುಂಡೆಲ್ಲ ಸೇರಿ ವಾರಕ್ಕ ಅರ್ಧ ಕಿಲೋ ಉಳೀತಾವ. ಮೊದಲು ಹುಡುಗರು ಬಡಿದಾಡಿ ತಿಂತಿದ್ರು, ಈಗ ಡಬ್ಬಿ ತಗದ್ರ ಮುಖ ತಿರುಗಸ್ತಾರ. ಚೆಲ್ಲಾಕ ಕೈ ಬರಂಗಿಲ್ಲ, ರೊಕ್ಕ ಕೊಟ್ಟು ತಂದ ಬೆಣ್ಣಿ ಅದು.

ಅದಕ್ಕ ಕೇಕ್ ಪಾಪ್ ಮಾಡಾಕ ಹತ್ತೀನಿ. ಚೂರು ಪುಡಿ ಮಾಡಿ, ವಿಪ್ಪಿಂಗ್ ಕ್ರೀಮ್ ಕಲಸಿ, ಉಂಡಿ ಕಟ್ಟಿ, ಫ್ರೀಜರ್‌ನ್ಯಾಗ ಇಟ್ಟು, ಕಡ್ಡಿ ಚುಚ್ಚಿ ಡಾರ್ಕ್ ಕಾಂಪೌಂಡಿನಾಗ (ಕೋಕೋ ಬೆಣ್ಣಿ ಬದ್ಲಿ ಬ್ಯಾರೆ ಸಸ್ಯಕೊಬ್ಬು ಹಾಕಿದ ಚಾಕೊಲೇಟ್) ಅದ್ದತೀನಿ. ಅದ್ದಿದಾಗ ಕನ್ನಡಿ ಹಂಗ ಹೊಳೀತಾವ. ಹತ್ತು ಹದಿನೈದು ನಿಮಿಷಕ್ಕ ಸಣ್ಣ ಗೆರಿ ಬಿದ್ದು, ಆಮ್ಯಾಲೆ ನಡುವ ಸೀಳ್ತಾವ. ಮೈಮ್ಯಾಲೆ ಹನಿ ಹನಿ ಕೂಡ್ತದ. ಐದಾರಂತೂ ಅದ್ದುವಾಗಲೇ ಕಡ್ಡಿ ಬಿಟ್ಟು ಬಟ್ಟಲದಾಗ ಬಿದ್ದೂವು.

ಮುಂದಿನ ಐತವಾರ 60 ಪಾಪ್ ಆರ್ಡರ್ ಅದ. ಏಪ್ರಿಲ್ ಬಿಸಲು ನಿಮಗ ಗೊತ್ತೇ ಅದ. ಕಾಂಪೌಂಡ್ ಖರಾಬ್ ಇರಬಹುದಾ?

ಗಂಗಾವತಿ ಅಕ್ಕ

ಉಂಡಿ ಒಣಗಿರಬೇಕ್ರಿ, ಅದಕ್ಕ ಸೀಳ್ತಾವ. ಕ್ರೀಮ್ ಇನ್ನಷ್ಟು ಹಾಕ್ರಿ, ಇಲ್ಲಾ ಕಂಡೆನ್ಸ್ಡ್ ಮಿಲ್ಕ್. ಮೆತ್ತಗ ಆದ್ರ ಸೀಳಂಗಿಲ್ಲ.

ಬಿಸಿಲೂರು

ಚಾಕೊಲೇಟಿಗೆ ಒಂಚೂರು ಮೇಣ ಕರಗಿಸಿ ಹಾಕ್ರಿ, ಗಟ್ಟಿ ಕೂಡ್ತದ ಅಂತ ಯಾರೋ ಹೇಳಿದ್ರು.

ಹಳೇ ಭಟ್ಟಿ, ಬಳ್ಳಾರಿ

ಮೇಣ ಬೇಡ. ಕ್ಯಾಂಡಲ್ ಮೇಣ ತಿನ್ನುವ ವಸ್ತುವಲ್ಲ, ಅದೂ ಮಕ್ಕಳ ಆರ್ಡರಿಗೆ. ಆ ಮಾತು ಇಲ್ಲಿಗೇ ಮುಗೀತು.

ಕ್ರೀಮ್ ಹೆಚ್ಚು ಹಾಕೋದೂ ಬೇಡ, ನನ್ನ ಅನುಮಾನ ಅದರ ಉಲ್ಟಾ. ಬೇಕರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು ನಾನು. ಕೇಕ್ ಚೂರು ಅಲ್ಲಿ ಎಂದೂ ಕಸದ ಬುಟ್ಟಿಗೆ ಹೋಗ್ತಿರಲಿಲ್ಲ, ಕೋಕೋ ಬೆರೆತು ರಮ್ ಬಾಲ್ ಆಗಿ ಮರುದಿನ ಗಾಜಿನ ಕಪಾಟಿನಲ್ಲಿ ಕೂತಿರ್ತಿತ್ತು. (ಹೆಸರಷ್ಟೇ ರಮ್. ನಮ್ಮಲ್ಲಿ ಹಾಕ್ತಿದ್ದದ್ದು ಎಸೆನ್ಸ್.)

ಕಾಂಪೌಂಡ್ ಮೇಲೆ ತಪ್ಪು ಹೊರಿಸುವ ಮುಂಚೆ ನಾಲ್ಕು ವಿಷಯ ಹೇಳಿ. ಎಷ್ಟು ಗ್ರಾಂ ಪುಡಿಗೆ ಎಷ್ಟು ಕ್ರೀಮ್? ಫ್ರೀಜರಿನಲ್ಲಿ ಎಷ್ಟು ಹೊತ್ತು? ಅದ್ದುವಾಗ ಅಡುಗೆಮನೆಯಲ್ಲಿ ಏರ್ ಕೂಲರ್ ಓಡ್ತಿತ್ತಾ? ಕೊನೆಯದು: ಆ ಹನಿಯನ್ನು ನಾಲಿಗೆಗೆ ಹಚ್ಚಿ ನೋಡಿ. ಸಪ್ಪೆ ಇದ್ದರೆ ಹೊರಗಿನ ಬೆವರು. ಸಿಹಿ, ಜಿಡ್ಡು ಇದ್ದರೆ ಉಂಡೆಯ ಒಳಗಿಂದ ಬಂದದ್ದು.

ರಾಯಚೂರ್ ಕೇಕ್‌ಮನಿ

ನಾಲಿಗೀಲೇ ಪರೀಕ್ಷೆ ಮಾಡ್ದೆ, ಎರಡೂ ಅವ್ರೀ! ಮೈಮ್ಯಾಲಿನ ಹನಿ ಸಪ್ಪಗ, ಸೀಳಿನಾಗಿಂದ ಬಂದದ್ದು ಸಿಹಿ, ಬಟ್ಟಿಗೆ ಎಣ್ಣಿ ಕಲಿ ಆಗ್ತದ.

500 ಗ್ರಾಂ ಪುಡಿಗೆ 220 ಗ್ರಾಂ ಕ್ರೀಮ್. ಫ್ರೀಜರ್‌ನ್ಯಾಗ ರಾತ್ರಿ ಪೂರಾ ಇಟ್ಟಿದ್ದೆ, ಕಲ್ಲಾಗಿದ್ದೂವು, ಅದ್ದಾಕ ಚಲೋ ಅಂತ. ಕೂಲರ್ ಇಲ್ಲದ ಈ ಊರಾಗ ಏಪ್ರಿಲ್‌ನ್ಯಾಗ ಯಾರು ಅಡಿಗಿ ಮನ್ಯಾಗ ನಿಲ್ತಾರ್ರೀ? ಮೂರು ಫೂಟಿನ್ಯಾಗೇ ಇತ್ತು.

ಹಳೇ ಭಟ್ಟಿ, ಬಳ್ಳಾರಿ

ಹಾಗಾದರೆ ಕಾಂಪೌಂಡ್ ನಿರಪರಾಧಿ.

ರಾತ್ರಿಯಿಡೀ ಫ್ರೀಜರಿನಲ್ಲಿದ್ದ ಉಂಡೆ ಒಳಗೆ ಮೈನಸ್‌ನಲ್ಲಿ ಇರ್ತದೆ. ಅದನ್ನು 40 ಡಿಗ್ರಿಯ ಚಾಕೊಲೇಟಿಗೆ ಅದ್ದಿದ ತಕ್ಷಣ ಹೊರಪದರ ಗಕ್ಕನೆ ಗಟ್ಟಿಯಾಗಿ ಕುಗ್ಗುತ್ತದೆ. ಒಳಗಿನ ಉಂಡೆ ನಿಮ್ಮ ಬಿಸಿಲಿಗೆ ನಿಧಾನ ಬೆಚ್ಚಗಾಗ್ತಾ ಹಿಗ್ಗುತ್ತದೆ. ಹೊರಗಿನದು ಬಿಗೀತದೆ, ಒಳಗಿನದು ತಳ್ತದೆ. ಸೀಳದೆ ಇನ್ನೇನು ಮಾಡ್ತದೆ? ಹತ್ತು ಹದಿನೈದು ನಿಮಿಷ ಆದಮೇಲೆ ಅಂದಿರಲ್ಲ, ಆ ಮಾತೇ ಸುಳಿವು ಕೊಟ್ಟದ್ದು. ಕವಚ ತೆಳುವಾದ ಕಡೆ ಸೂಜಿಮೊನೆಯಷ್ಟು ತೂತು ಬಿದ್ದು ಅಲ್ಲಿಂದ ಜಿಡ್ಡು ಹೊರಗೆ ಬರ್ತದೆ. ಕ್ರೀಮ್ ಬೇರೆ ಹೆಚ್ಚಾಗಿದೆ, ಹೊರಗೆ ಬರಲಿಕ್ಕೆ ಸರಕೂ ಸಿಕ್ಕಂತಾಯಿತು.

ಇನ್ನು ಸಪ್ಪೆ ಹನಿ. ರಾಯಚೂರಿನ ಬೇಸಿಗೆ ಗಾಳಿ ಒಣ. ಅದನ್ನು ಅದರ ಪಾಡಿಗೆ ಬಿಟ್ಟಿದ್ದರೆ ಇಷ್ಟು ಬೆವರು ಬರ್ತಿರಲಿಲ್ಲ. ಕೂಲರ್ ಮಾಡೋದು ಏನು? ಹುಲ್ಲಿನ ಮೇಲೆ ನೀರು ಹರಿಸಿ ಆ ತೇವವನ್ನೇ ಗಾಳಿಗೆ ಸೇರಿಸಿ ಮುಖಕ್ಕೆ ಊದೋದು. ಮೂರು ಅಡಿ ದೂರದಲ್ಲಿ ಹಿಮದಂಥ ಉಂಡೆ ಇಟ್ಟರೆ ಆ ತೇವವೆಲ್ಲ ಅದರ ಮೈಮೇಲೇ ಕೂರ್ತದೆ. ಒದ್ದೆ ಉಂಡೆಗೆ ಚಾಕೊಲೇಟ್ ಹಿಡಿಯೋದಿಲ್ಲ. ಆ ನೀರಿನ ಹನಿ ಬಟ್ಟಲಿಗೆ ಬಿದ್ದರೆ ಇಡೀ ಕಾಂಪೌಂಡೇ ಉಪ್ಪಿಟ್ಟಿನ ಹಾಗೆ ಗಂಟು ಕಟ್ತದೆ.

ಒಂದೇ ಕಲಸಿನಿಂದ ಮೂರು ಉಂಡೆ ಮಾಡಿ ಪರೀಕ್ಷೆ ನಡೆಸಿ. ಒಂದು ಫ್ರೀಜರಿನಿಂದ ನೇರ. ಇನ್ನೊಂದು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ 40 ನಿಮಿಷ. ಮೂರನೆಯದೂ ಅಷ್ಟೇ ಹೊತ್ತು ಫ್ರಿಜ್ಜಿನಲ್ಲಿಟ್ಟು, ಹೊರಗೆ ತೆಗೆದು 5 ನಿಮಿಷ ಬಿಟ್ಟು ಅದ್ದೋದು. ಕೂಲರ್ ಬಂದ್. ಬೆವರಿ, ಪರವಾಗಿಲ್ಲ.

ಕಲಸುವ ಅಳತೆ: 500 ಗ್ರಾಂ ಪುಡಿಗೆ 100 ಗ್ರಾಂನಿಂದ ಶುರು ಮಾಡಿ, ಬೇಕಾದರೆ ಚಮಚ ಚಮಚ ಏರಿಸಿ. ವಿಪ್ಪಿಂಗ್ ಕ್ರೀಮಿನಲ್ಲಿ ನೀರು ಜಾಸ್ತಿ. ಅದರ ಬದಲು ಕಾಂಪೌಂಡ್ ಮತ್ತು ಫ್ರೆಶ್ ಕ್ರೀಮಿನ ಗಟ್ಟಿ ಗನಾಶ್ (ಎರಡನ್ನೂ ಬಿಸಿಮಾಡಿ ಕಲಸಿದ ಮಿಶ್ರಣ) ಬಳಸಿದರೆ ಉಂಡೆ ತಣ್ಣಗಾದಾಗ ತಾನೇ ಬಿಗಿಯಾಗ್ತದೆ.

ಶೇಂಗಾ ಹೋಳಿಗಿ, ಕೊಪ್ಪಳ

ಅಳತಿ ಮಷಿನ್ ಇಲ್ಲದವರಿಗೆ ನಮ್ಮವ್ವನ ಲೆಕ್ಕ: ಶೇಂಗಾ ಉಂಡಿ ಕಟ್ಟೋ ಹದ ಇರಬೇಕು. ಮುಷ್ಟಿ ಹಿಡದ್ರ ನಿಲ್ಲಬೇಕು, ಬಿಟ್ರ ಅಂಗೈಗೆ ಜಿಡ್ಡು ಹತ್ತಬಾರದು. ಆಗಲೇ ಮೆತ್ತಗ ಆಗಿದ್ರ ಪುಟಾಣಿ ಹಿಟ್ಟು ಎರಡು ಚಮಚ ಹಾಕಿ ತಿಕ್ರಿ, ಹೀರಿಕೊಂತೈತಿ. ರುಚಿನೂ ಕೆಡಂಗಿಲ್ಲ, ಬೇಸನ್ ಲಾಡೂನ ನೆನಪು ಬರತೈತಿ ಅಷ್ಟ.

ನನಗಂತೂ ಇದೇನು ಹೊಸಾದು ಅನ್ನಸಂಗಿಲ್ರೀ. ಬೇಯಿಸಿದ್ದನ್ನ ಪುಡಿ ಮಾಡಿ, ಸಿಹಿ ಹಾಕಿ ಮತ್ತ ತಿನ್ನೋದು ಅಂದ್ರ ಮಾದಲಿ ಅಲ್ಲೇನು? ಜನವರಿಯಾಗ ಗವಿಮಠದ ಜಾತ್ರಿಗೆ ಬಂದು ರೊಟ್ಟಿ, ಮಾದಲಿ ಉಂಡೋರಿಗೆ ಕೇಕ್ ಚೂರು ನೋಡಿದ್ರ ಕೈ ತಾನೇ ತಿಕ್ಕಾಕ ಹೋಗತೈತಿ.

ರಾಯಚೂರ್ ಕೇಕ್‌ಮನಿ

ಪರೀಕ್ಷೆ ಆತು. ಫ್ರೀಜರಿಂದು ಎಂಟನೇ ನಿಮಿಷಕ್ಕ ಸೀಳ್ತು, ಟಕ್ ಅಂತ ಸಪ್ಪಳನೂ ಕೇಳ್ತು. ಎರಡನೇದಕ್ಕ ಕಡ್ಡಿ ಬುಡಕ್ಕ ಕೂದಲಿನಷ್ಟು ಗೆರಿ. ಮೂರನೇದು ರಾತ್ರಿ ತನಕ ನೋಡೀನಿ, ಏನೂ ಆಗಿಲ್ಲ. ಕೂಲರ್ ಬಂದ್ ಮಾಡಿದ್ಮ್ಯಾಲೆ ಹನಿ ಒಂದೂ ಇಲ್ಲ. ನಾನೇ ತೊಯ್ದು ತೊಪ್ಪಿ ಆದೆ.

ಆದ್ರ ಇನ್ನೊಂದು ತ್ರಾಸ. ಕವಚ ಸರಿ ಕುಂತದ, ಮುಟ್ಟಿದ್ರ ಬೊಟ್ಟಿನ ಗುರ್ತು ಬೀಳ್ತದ. ಮಧ್ಯಾಹ್ನ ಮೂರಕ್ಕಂತೂ ಕೈಗೇ ಹತ್ತಾಕ ಹತ್ತಿತು.

ಹಳೇ ಭಟ್ಟಿ, ಬಳ್ಳಾರಿ

ಕಾಂಪೌಂಡಿಗೆ ಏನೇನು ಬೆರೆಸಿದಿರಿ? ನಿಜ ಹೇಳಿ.

ರಾಯಚೂರ್ ಕೇಕ್‌ಮನಿ

ರುಚಿ ಬರಲಿ ಅಂತ ಒಂದು ಹಾಲಿನ ಚಾಕೊಲೇಟ್ ಬಾರ್. ತೆಳ್ಳಗಾಗಲಿ ಅಂತ ಕೊಬ್ರಿ ಎಣ್ಣಿ, ಮೂರು ಚಮಚ…

ಹಳೇ ಭಟ್ಟಿ, ಬಳ್ಳಾರಿ

ಸಿಕ್ಕಿತು ನೋಡಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೇ ಕರಗಿ ನೀರಾಗ್ತದೆ. ನಿಮ್ಮೂರಲ್ಲಿ ಅದು ಗಟ್ಟಿ ಇರುವ ತಿಂಗಳು ಯಾವುದು? ಮೂರು ಚಮಚ ಹಾಕಿದರೆ ಕವಚಕ್ಕೆ ನಾವೇ ಬೆಣ್ಣೆಯ ಬುದ್ಧಿ ಕಲಿಸಿದ ಹಾಗೆ. 250 ಗ್ರಾಂ ಕಾಂಪೌಂಡಿಗೆ ಒಂದು ಸಣ್ಣ ಚಮಚ ಸಾಕು, ಬೇಸಿಗೆಯಲ್ಲಿ ಅದೂ ಬೇಡ. ತೆಳ್ಳಗೆ ಬೇಕಾದರೆ ಬಟ್ಟಲನ್ನು ಬಿಸಿನೀರಿನ ಮೇಲೆ ಇಟ್ಟುಕೊಂಡೇ ಅದ್ದಿ. ಹಬೆ ತಾಗದಂತೆ ನೋಡಿಕೊಳ್ಳಿ.

ಬಾರ್ ಬೆರೆಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಆ ಬಾರಿನಲ್ಲಿ ಕೋಕೋ ಬೆಣ್ಣೆ ಇರ್ತದೆ, ಕಾಂಪೌಂಡಿನಲ್ಲಿ ಬೇರೆ ಸಸ್ಯಕೊಬ್ಬು, ಹೆಚ್ಚಾಗಿ ತಾಳೆಬೀಜದ್ದು. ಎರಡಕ್ಕೂ ಹೊಂದಿಕೆ ಇಲ್ಲ. ಬೆರೆಸಿದರೆ ಎರಡೂ ಪ್ರತ್ಯೇಕವಾಗಿ ಇದ್ದದ್ದಕ್ಕಿಂತ ಮೆತ್ತಗಾಗ್ತವೆ, ಕೆಲವು ದಿನಕ್ಕೆ ಬಿಳಿ ಬೂಷ್ಟಿನಂಥ ಪುಡಿಯೂ ಏಳ್ತದೆ. ಬರೀ ಅಸಲಿ ಚಾಕೊಲೇಟನ್ನೇ ಬಳಸ್ತೀನಿ ಅಂದರೆ ಟೆಂಪರಿಂಗ್ (ಅಳತೆಯಲ್ಲಿ ಬಿಸಿಮಾಡಿ, ತಣಿಸಿ ಹೊಳಪು, ಗಟ್ಟಿತನ ತರೋದು) ಮಾಡಬೇಕು. ಅದಾದರೂ 34 ಡಿಗ್ರಿಗೆ ಕರಗುವ ಕೋಕೋ ಬೆಣ್ಣೆ, 40 ದಾಟುವ ಊರು. ಏಸಿ ಕೋಣೆ ಇಲ್ಲದೆ ಆ ಗೋಜಿಗೆ ಹೋಗಬೇಡಿ. ರುಚಿ ಬೇಕಾದರೆ ಬಾರನ್ನು ಉಂಡೆಯೊಳಗೆ ಹಾಕಿ.

ಕಡ್ಡಿ ಜಾರುವ ವಿಷಯ ಮರೆತಿದ್ದೆ. ಕಡ್ಡಿಯ ತುದಿ ಒಂದು ಸೆಂಟಿಮೀಟರಿನಷ್ಟು ಕಾಂಪೌಂಡಿನಲ್ಲಿ ಅದ್ದಿ, ಉಂಡೆಯ ಅರ್ಧಕ್ಕೆ ಚುಚ್ಚಿ, ಫ್ರಿಜ್ಜಿನಲ್ಲಿ ಐದು ನಿಮಿಷ ಇಟ್ಟು ಗಟ್ಟಿಯಾದಮೇಲೆ ಪೂರ್ತಿ ಅದ್ದಿ. ಉಂಡೆ 25 ಗ್ರಾಂ ದಾಟಬಾರದು. ನೇರ ಮುಳುಗಿಸಿ, ನೇರ ಮೇಲೆತ್ತಿ. ಬಟ್ಟಲಲ್ಲಿ ತಿರುವಿದರೆ ಬಿದ್ದೇ ಬೀಳ್ತದೆ. ಬುಡದಲ್ಲಿ ಗೆರೆ ಬಿದ್ದದ್ದು ಕವಚ ಕಡ್ಡಿಯವರೆಗೆ ಮುಚ್ಚದೆ ಇದ್ದದ್ದಕ್ಕೆ ಇರಬೇಕು.

ಗಂಗಾವತಿ ಅಕ್ಕ

ಕ್ರೀಮ್ ಹೆಚ್ಚು ಹಾಕ್ರಿ ಅಂದ ನನ್ನ ಮಾತು ವಾಪಸ್ ತಗೊಂಡೀನಿ. ಅದರ ಬದ್ಲಿ ಇದು ತಗೋರಿ: ಅದ್ದಿದ ಪಾಪ್ ನಿಲ್ಲಸಾಕ ಥರ್ಮೋಕೋಲ್ ಹುಡುಕಬ್ಯಾಡ್ರಿ. ಆಳ ಡಬ್ಬಿಗೆ ಸೋನಾ ಮಸೂರಿ ತುಂಬಿ ಚುಚ್ಚಿ ನಿಲ್ಲಸ್ರಿ. ನಮ್ಮ ಕಡೆ ಅಕ್ಕಿಗೇನು ಬರ!

ಶೇಂಗಾ ಹೋಳಿಗಿ, ಕೊಪ್ಪಳ

60ಕ್ಕೂ ಚಾಕೊಲೇಟ್ ಯಾಕ ಬೇಕ್ರಿ? ಹಾಲ್‌ನ್ಯಾಗ ಏಸಿ ಇಲ್ಲಂದ್ರ ಯಾವ ಕವಚಾನೂ ನಿಲ್ಲಂಗಿಲ್ಲ. ಅರ್ಧದಷ್ಟನ್ನ ಹುರದ ಶೇಂಗಾ ಪುಡಿ ಇಲ್ಲಾ ಒಣ ಕೊಬ್ರಿ ತುರಿಯಾಗ ಹೊಳ್ಳಾಡಿಸಿ ಕಾಗದದ ಕಪ್ಪಿನ್ಯಾಗ ಕೂಡಸ್ರಿ. ಕರಗೋದೂ ಇಲ್ಲ, ಸೀಳೋದೂ ಇಲ್ಲ. ಕೊಡೋ ಮುಂಚೆ ಶೇಂಗಾ ಆಗದ ಹುಡುಗರು ಯಾರರ ಅದಾರೇನು ಕೇಳ್ರಿ.

ರಾಯಚೂರ್ ಕೇಕ್‌ಮನಿ

ಆರ್ಡರ್ ಕೊಟ್ಟು ಬಂದೆ. 35 ಕಡ್ಡಿಗೆ, 25 ಶೇಂಗಾ ಪುಡಿಗೆ. ಮಾಡುವಾಗ ನಾಕು ಹೋದೂವು: ಎರಡು ಜಾರಿದ್ವು, ಎರಡು ನಮ್ಮ ಸಣ್ಣವ ಪರೀಕ್ಷೆ ಮಾಡ್ತೀನಿ ಅಂತ ತಗೊಂಡ. ಒಂದೂ ಸೀಳಲಿಲ್ಲ. ಕೂಲರ್ ಬಂದ್, ಕರೆಂಟ್ ನಡುವ ಒಂದು ತಾಸು ಹೋತು, ಆದ್ರೂ ಫ್ರಿಜ್ ಬಾಗಿಲಾ ತಗೀದೇ ಕುಂತೆ.

ಇನ್ನೊಂದು ಪ್ರಶ್ನೆ. ವಾರದ ಚೂರು ಕೂಡಿಟ್ಟು ತಿಂಗಳಿಗೊಮ್ಮೆ ಮಾಡಬಹುದಾ? ಹೊರಗ ಎಷ್ಟು ಹೊತ್ತು ಇಡಬಹುದು?

ಹಳೇ ಭಟ್ಟಿ, ಬಳ್ಳಾರಿ

ಕ್ರೀಮ್, ಹಣ್ಣು ತಾಗದ ಒಣ ಚೂರು ಮಾತ್ರ. ಅದೇ ದಿನ ಗಾಳಿಯಾಡದ ಡಬ್ಬಿಗೆ ಹಾಕಿ, ತಾರೀಖು ಬರೆದು ಫ್ರೀಜರಿಗೆ ಇಡಿ, ಒಂದು ತಿಂಗಳು ಧಾರಾಳ ಇರ್ತದೆ. ಸಕ್ಕರೆ ಪಾಕ ಹೊಡೆದ ತುಂಡು ಬೇರೆ ಡಬ್ಬಿಯಲ್ಲಿರಲಿ, ಅದಕ್ಕೆ ಕ್ರೀಮ್ ಅರ್ಧವೂ ಬೇಕಾಗೋದಿಲ್ಲ. ಕ್ರೀಮ್ ಕಲಸಿದ ಉಂಡೆಯನ್ನು ಈ ಬಿಸಿಲಲ್ಲಿ ಒಂದು ತಾಸಿಗಿಂತ ಹೆಚ್ಚು ಹೊರಗಿಡಬೇಡಿ. ಹಾಲ್‌ಗೆ ಒಯ್ಯುವಾಗ ಐಸ್ ಪ್ಯಾಕಿನ ಡಬ್ಬಿ, ಮುಚ್ಚಳದ ಕೆಳಗೆ ಒಣ ಬಟ್ಟೆ.