ಸಹಾಯ ಬೇಕು: ಪಿನ್‌ಹೋಲ್ ಫೋಟೋದ ನಡುವೆ ಬಿಳಿ ಮಸುಕು

ನಾನು ತೀರ್ಥಹಳ್ಳಿ ಕಡೆಯವನು. ಮಳೆ ಹಿಡಿದು ಕೂತಿದೆ, ಸುಮ್ನೆ ಇರಲಾಗದೆ ಹಳೇ ನಿಕಾನ್ ಡಿಎಸ್‌ಎಲ್‌ಆರ್ ಕ್ಯಾಮೆರಾಗೆ ಪಿನ್‌ಹೋಲ್ (ಲೆನ್ಸ್ ಬದಲು ಸೂಜಿಮೊನೆಯಷ್ಟು ತೂತು) ಮಾಡಿದೆ. ಬಾಡಿ ಕ್ಯಾಪ್‌ಗೆ (ಲೆನ್ಸ್ ಕೂರುವ ಜಾಗ ಮುಚ್ಚುವ ಮುಚ್ಚಳ) ಡ್ರಿಲ್ ಹೊಡೆದು, ಒಳಗಡೆಯಿಂದ ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡು ಅಂಟಿಸಿದ್ದೇನೆ. ತೂತು ಅಮ್ಮನ ಹೊಲಿಗೆ ಸೂಜಿಯದು (ಸೂಜಿ ಮುರಿಯಿತು, ಅವರಿಗಿನ್ನೂ ಗೊತ್ತಿಲ್ಲ).

ತಗಡಿನಿಂದ ಸೆನ್ಸರ್‌ಗೆ (ಒಳಗೆ ಚಿತ್ರ ಹಿಡಿಯುವ ಫಲಕ) ಸುಮಾರು 46 ಮಿ.ಮೀ. ಈ ದೂರಕ್ಕೆ 0.3 ಮಿ.ಮೀ. ತೂತು ಸರಿ. ನನ್ನದನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಪಿಕ್ಸೆಲ್) ಸ್ಕ್ಯಾನ್ ಮಾಡಿ ಎಣಿಸಿದರೆ ಅಡ್ಡಕ್ಕೆ 24 ಪಿಕ್ಸೆಲ್, ಅಂದರೆ 0.5 ಮಿ.ಮೀ.! 0.3ಕ್ಕೆ 14 ಪಿಕ್ಸೆಲ್ ಬರಬೇಕಿತ್ತು. ಚಿತ್ರ ಮಂಜುಮಂಜಾಗಿರುವುದಕ್ಕೆ ಅದೇ ಕಾರಣ, ಒಪ್ಪಿದೆ.

ಆದರೆ ಅಂಗಳದ ಅಡಿಕೆ ಮರಗಳನ್ನು 4 ಸೆಕೆಂಡ್ ಇಟ್ಟು ತೆಗೆದರೆ ನಡುವೆ ದೋಸೆಯಷ್ಟು ದುಂಡಗೆ ಬಿಳಿ ಮಸುಕು. ತಗಡಿನ ಒಳಮೈ ಹೊಳೆಯುತ್ತದೆ, ಬೆಳಕು ಅಲ್ಲಿಂದ ಸೆನ್ಸರ್‌ಗೆ ವಾಪಸ್ ಬೀಳುತ್ತಿರಬೇಕು, ಅಲ್ವಾ? ಹೊಳಪು ಹೋಗಲೆಂದು ದೀಪದ ಮಸಿ ಹಿಡಿಸಿದೆ, ಆದರೆ ಬೆರಳು ತಾಗಿದರೆ ಉದುರುತ್ತದೆ. ಸೆನ್ಸರ್ ಮೇಲೆ ಬಿದ್ದರೆ ಕಥೆ ಮುಗೀತು. ಮೊದಲೇ ಲೆನ್ಸ್‌ನಲ್ಲಿ ಕಾಣದ ಧೂಳೆಲ್ಲ ಪಿನ್‌ಹೋಲ್‌ನಲ್ಲಿ ಕರಿ ಚುಕ್ಕೆಯಾಗಿ ಕಾಣುತ್ತಿದೆ.

ಹೊಳಪಿಲ್ಲದ, ಉದುರದ ಕಪ್ಪು ಬಣ್ಣ ಯಾವುದು ಹಾಕುತ್ತೀರಿ? ಶಿವಮೊಗ್ಗದಲ್ಲಿ ಸಿಗುತ್ತದಾ? 0.3ರ ತೂತಿಗೆ ಯಾವ ಸೂಜಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.